ಗೀರು ಬೀಳದ ಬಂಪರ್

"ಗುರುಗಳೇ, ಹಿಂದಿನಿಂದ ಬೀಳುವ ಪೆಟ್ಟಿನಿಂದ ಬೆನ್ನನ್ನು ಕಾಯ್ದುಕೊಳ್ಳುವುದು ಹೇಗೆ?"

ಶಂಭುಲಿಂಗ ಹೀಗೆ ಕೇಳಿದ್ದು ಸಂಜೆಯ ಪಂಕ್ತಿ ಮುಗಿದ ಮೇಲೆ. ಮಠದ ದಾಸೋಹದ ಹೊಣೆ ಅವನದು. ಬೆಳಗಿನಿಂದ ನಿಂತೇ ಇದ್ದ. ಗುರುಗಳು ಬೆಳಗಿನಿಂದ ಕೂತೇ ಇದ್ದರು, ಬಂದವರ ಕಷ್ಟ ಕೇಳುತ್ತ. ನಿಂತವನಿಗೂ ದಣಿವು, ಕೂತವರಿಗೂ ದಣಿವು. ಒಳಗೆ ಅಡುಗೆಮನೆಯಲ್ಲಿ ಯಾರೋ ಹಂಡೆ ತಿಕ್ಕುತ್ತಿದ್ದರು.

"ಪೆಟ್ಟು ಹಾಕಿದವರು ಯಾರಪ್ಪ?"

"ಇನ್ನಾರು, ಅಡವಯ್ಯನವರು."

ಅಡವಯ್ಯ ಉಗ್ರಾಣ ನೋಡಿಕೊಳ್ಳುವ ಮುದುಕರು. ಶಂಭುಲಿಂಗನಿಗಿಂತ ಮೊದಲು ದಾಸೋಹವೂ ಅವರ ಕೈಯಲ್ಲೇ ಇತ್ತು. ಈಗ ಇವನು ಎಲ್ಲಿ ಹೋದರೂ ಅವರು ಹಿಂದೆಯೇ ಬರುತ್ತಾರೆ. ಸೌದೆ ಹಸಿ ಎನ್ನುತ್ತಾರೆ, ಸಾರಿಗೆ ಉಪ್ಪು ಬಿದ್ದಿಲ್ಲ ಎನ್ನುತ್ತಾರೆ. ಅದನ್ನು ಮೆಲ್ಲಗೆ ಕಿವಿಯಲ್ಲಿ ಹೇಳಿದರೆ ಆದೀತು. ಪಂಕ್ತಿಯಲ್ಲಿ ಕೂತವರೆಲ್ಲ ಕೇಳುವಂತೆ ಹೇಳುತ್ತಾರೆ.

"ಇವತ್ತೂ ಅಂದರು. 'ಶಂಭು, ಈ ಅನ್ನ ಉಣ್ಣೋದಕ್ಕೋ, ಗೋಡೆ ಕಟ್ಟೋದಕ್ಕೋ?' ಅಂತ. ಇಡೀ ಪಂಕ್ತಿ ನಕ್ಕಿತು, ಗುರುಗಳೇ."

"ಅನ್ನ ಹೇಗಿತ್ತು?"

ಶಂಭುಲಿಂಗ ನೆಲ ನೋಡಿದ. "ತಳ ಹಿಡಿದಿತ್ತು. ಮೇಲೆ ಸ್ವಲ್ಪ ಗಟ್ಟಿ."

ಗುರುಗಳು ನಗಲಿಲ್ಲ. ನಗುವಷ್ಟು ಶಕ್ತಿ ಉಳಿದಿರಲಿಲ್ಲವೋ ಏನೋ.

"ನನಗೆ ಸಾಕಾಗಿ ಹೋಗಿದೆ," ಎಂದ ಶಿಷ್ಯ. "ಅವರನ್ನು ನಾಳೆ ಬೆಳಗಿನ ಬಸ್ಸಿಗೆ ಹತ್ತಿಸಿ ಶಾಖಾಮಠಕ್ಕೆ ಕಳುಹಿಸಿಬಿಡೋಣ ಅಂತಿದ್ದೇನೆ. ಅಲ್ಲಿ ಕೆಲಸ ಕಡಿಮೆ. ಅವರಿಗೂ ವಿಶ್ರಾಂತಿ, ನನಗೂ ವಿಶ್ರಾಂತಿ. ತಾವು ಹ್ಞೂಂ ಅಂದರೆ ಸಾಕು."

ಗುರುಗಳು ಹ್ಞೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಕಾಲು ಚಾಚಿ ಗೋಡೆಗೆ ಒರಗಿದರು. "ಶಂಭು, ಮರಳುಗಾಡಿನಲ್ಲಿ ಓಡುವ ಗಾಡಿಗೆ ಮೊದಲು ಕಳಚಿ ಬೀಳುವ ಭಾಗ ಯಾವುದು, ಹೇಳು ನೋಡೋಣ," ಎಂದರು.

ಕಾವಿ ಉಡುವುದಕ್ಕೆ ಮೊದಲು ಗುರುಗಳು ಯಾವುದೋ ಮರಳುಗಾಡಿನ ದೇಶದಲ್ಲಿ ರಸ್ತೆ ಅಳೆಯುವ ಕೆಲಸ ಮಾಡಿದವರು. ಗಾಡಿಯ ಮಾತು ಬಂತೆಂದರೆ ಅವರ ಆಯಾಸ ಅರ್ಧ ಇಳಿಯುತ್ತಿತ್ತು, ಮಾತು ಎರಡು ಪಟ್ಟು ಏರುತ್ತಿತ್ತು. ಮಠದಲ್ಲಿ ಎಲ್ಲರಿಗೂ ಇದು ಗೊತ್ತು. ಶಂಭುಲಿಂಗ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತ.

"ಚಕ್ರ ಇರಬೇಕು."

"ಅಲ್ಲ. ಹಿಂದಿನ ಬಂಪರ್."

ಹೀಗೆಂದು ಗುರುಗಳು ಹೇಳತೊಡಗಿದರು.

ಒಂದು ಮರಳುಗಾಡು. ಅದರ ಅಂಚಿನಲ್ಲಿ ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ವ್ಯಾಪಾರಿ. ಬಟ್ಟೆಯನ್ನೂ ಪಾತ್ರೆಯನ್ನೂ ಗಾಡಿಯಲ್ಲಿ ತುಂಬಿಕೊಂಡು ಮರಳಿನ ಆಚೆಯ ಊರುಗಳಿಗೆ ಹೋಗುವುದು, ಮಾರಿ ಬರುವುದು, ಇದು ಅವನ ಕಸುಬು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗಾಡಿ ಇಲ್ಲದೆ ಅಲ್ಲಿ ಯಾರೂ ಮರಳಿಗೆ ಇಳಿಯುವುದಿಲ್ಲ. ಒಬ್ಬನೇ ಇಳಿಯುವುದೂ ಇಲ್ಲ. ವ್ಯಾಪಾರಿಗಳೆಲ್ಲ ಸಾಲಾಗಿ ಹೋಗುತ್ತಾರೆ, ಒಂದು ಗಾಡಿಯ ಹಿಂದೆ ಒಂದು ಗಾಡಿ.

ಆ ಸಾಲಿಗೆ ಒಂದು ಪದ್ಧತಿ ಇತ್ತು. ಮುಂದಿನವನು ಹಿಂತಿರುಗಿ ನೋಡಬೇಕಾಗಿಲ್ಲ. ಅವನ ಕಣ್ಣು ಮರಳಿನ ಮೇಲಿರಬೇಕು. ಅವನನ್ನು ನೋಡಿಕೊಳ್ಳುವುದು ಅವನ ಹಿಂದಿನವನ ಕೆಲಸ. ಮುಂದಿನ ಗಾಡಿಯ ಚಕ್ರ ಹೂತರೆ ಹಿಂದಿನವನು ಮೆಲ್ಲಗೆ ಬಂದು ತನ್ನ ಗಾಡಿಯ ಮೂತಿಯನ್ನು ಅದರ ಹಿಂದಿನ ಬಂಪರಿಗೆ ಒತ್ತಿ ತಳ್ಳುತ್ತಾನೆ. ತಳ್ಳಿ ಆಗದಿದ್ದರೆ ಬಂಪರಿನ ಕೆಳಗಿರುವ ಕೊಕ್ಕೆಗೆ ಹಗ್ಗ ಹಾಕಿ ಹಿಂದಕ್ಕೆ ಎಳೆಯುತ್ತಾನೆ. ಹಾಗಾಗಿ ಆ ಪೇಟೆಯಲ್ಲಿ ಬಂಪರ್ ನೆಗ್ಗದ ಗಾಡಿಯೇ ಇರಲಿಲ್ಲ. ಹೆಣ್ಣು ಕೊಡುವವರು ಬಂದರೆ ಹುಡುಗನ ಮುಖ ನೋಡುವ ಮೊದಲು ಅವನ ಗಾಡಿಯ ಹಿಂಭಾಗ ನೋಡುತ್ತಿದ್ದರಂತೆ. ನುಣ್ಣಗಿದ್ದರೆ ಕಾಫಿ ಕುಡಿದು ಎದ್ದು ಹೋಗುತ್ತಿದ್ದರಂತೆ.

"ಅಲ್ಲಿ ಕಾಫಿ ಕುಡಿಯುತ್ತಾರೆಯೇ ಗುರುಗಳೇ?"

ಕುಡಿಯುತ್ತಾರೆ, ಹಾಲಿಲ್ಲದ್ದು. ಅದು ಬೇರೆ ಕತೆ. ಈಗ ಇದನ್ನು ಕೇಳು.

ವ್ಯಾಪಾರಿಯ ಹಿಂದಿನ ಗಾಡಿ ಅವನ ಅಣ್ಣನದು. ಎಕ್ಸಲರೇಟರಿನ ಮೇಲೆ ಅಣ್ಣನ ಕಾಲು ಭಾರ, ಬಾಯಿ ಅದಕ್ಕಿಂತ ಭಾರ. ತಮ್ಮನ ಗಾಡಿ ಹೂತರಂತೂ ಸರಿ, ಹೂತುಕೊಳ್ಳುವ ಹಾಗೆ ಕಂಡರೂ ಸಾಕು, ಬಂದು ಧಡ್ ಎಂದು ಗುದ್ದುತ್ತಿದ್ದ. ಗುದ್ದಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏಯ್, ನಿದ್ದೆ ಬಂತೇನೋ? ಗಾಡಿಗೆ ಊರಿನ ಹೆಸರು ಹೇಳಿ ನೀನು ಇಳಿದುಬಿಡು, ಅದೇ ಹೋಗಿ ಸೇರುತ್ತೆ!" ಎಂದು ಕೂಗುತ್ತಿದ್ದ. ಊಟಕ್ಕೆ ನಿಂತಲ್ಲಿ ಇದನ್ನೇ ಎಲ್ಲರಿಗೂ ಇನ್ನೊಮ್ಮೆ ಹೇಳುತ್ತಿದ್ದ.

ವರ್ಷಗಟ್ಟಲೆ ಹೀಗೇ ನಡೆಯಿತು. ಹಳೆಯ ಗಾಡಿ ಸವೆಯಿತು. ವ್ಯಾಪಾರಿ ಹೊಸ ಗಾಡಿ ಕೊಂಡ. ಕೊಂಡವನು ಅದರ ಸುತ್ತ ಒಂದು ಸುತ್ತು ಬಂದು ಹಿಂದೆ ನಿಂತ. ಹಿಂದಿನ ಬಂಪರಿನಲ್ಲಿ ಅವನ ಮುಖ ಕಾಣುತ್ತಿತ್ತು. ಇದನ್ನು ಹೀಗೇ ಇಟ್ಟುಕೊಳ್ಳಬೇಕು ಎಂದುಕೊಂಡ. ದಣಿವು ಶುರುವಾದದ್ದು ಆ ದಿನ.

ಮೊದಲ ಪಯಣದಲ್ಲೇ ಬಂಪರಿನ ಒಂದು ಬದಿ ಹೋಯಿತು. ಗುದ್ದಿದವರು ಯಾರೂ ಅಲ್ಲ, ಮರಳೇ. ದಿಬ್ಬ ಇಳಿಯುವಾಗ ಮುಂದಿನ ಚಕ್ರ ಸಮನೆಲಕ್ಕೆ ಬಂದಿರುತ್ತದೆ, ಗಾಡಿಯ ಬಾಲ ಇನ್ನೂ ಇಳಿಜಾರಿನ ಮೇಲಿರುತ್ತದೆ. ಬಂಪರಿನ ಕೆಳತುಟಿ ಸೌಟಿನಂತೆ ಮರಳನ್ನು ತೋಡಿಕೊಳ್ಳುತ್ತದೆ. ಒಳಗೆ ತುಂಬಿದ ಮರಳು ಅದನ್ನು ಕಿತ್ತು ಕೆಡವುತ್ತದೆ. ನಾನು ಎಷ್ಟು ನೋಡಿದ್ದೇನೆ! ದಿಬ್ಬದ ಬುಡಗಳಲ್ಲಿ ಯಾರ್ಯಾರದೋ ಬಂಪರುಗಳು, ತಿಂದು ಎಸೆದ ಕಲ್ಲಂಗಡಿ ಸಿಪ್ಪೆಯ ಹಾಗೆ ಬಿದ್ದಿರುತ್ತವೆ.

ವ್ಯಾಪಾರಿ ಗ್ಯಾರೇಜಿಗೆ ಹೋದ. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಎತ್ತರಿಸಿದ. ಅದು ಬುದ್ಧಿವಂತಿಕೆ. ಬಂಪರಿನ ಕೆಳತುಟಿಯನ್ನು ಕೊಯ್ಯಿಸಿದ. ಅದೂ ಬುದ್ಧಿವಂತಿಕೆ. ಆದರೂ ಗೀರು ಬಿದ್ದವು. ಆ ಬಂಪರನ್ನೇ ತೆಗೆಸಿ ದಪ್ಪ ಕಬ್ಬಿಣದ್ದು ಹಾಕಿಸಿದ, ಬಣ್ಣ ಹೊಡೆಸಿದ. ಮರಳು ಒಳಗೆ ನುಗ್ಗದಂತೆ ಅಡಿಯಿಂದ ಒಂದು ಕಬ್ಬಿಣದ ತಗಡು ಬೆಸೆಸಿದ. ತಗಡು ಕೊಕ್ಕೆಯನ್ನೂ ಮುಚ್ಚಿಕೊಂಡಿತು. ಕೊಕ್ಕೆ ಕಾಣದಾದ ಮೇಲೆ ಹಿಂಭಾಗ ಇನ್ನೂ ಚೆನ್ನಾಗಿ ಕಂಡಿತು. ಪಯಣ ಮುಗಿಸಿ ಬಂದವನು ಈಗ ಮನೆಯೊಳಗೆ ಹೋಗುತ್ತಿರಲಿಲ್ಲ. ಒದ್ದೆ ಬಟ್ಟೆ ಹಿಡಿದು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಒಳಗಿನಿಂದ ಹೆಂಡತಿ, "ರೀ, ಅದಕ್ಕೂ ಒಂದು ತಟ್ಟೆ ಹಾಕಲೇ?" ಎನ್ನುತ್ತಿದ್ದಳು.

ಮರಳಿನ ಕಾಟ ಮುಗಿಯಿತು. ಅಣ್ಣನದು ಉಳಿಯಿತು.

ಒಂದು ದಿನ ಅಣ್ಣ ಎಂದಿನಂತೆ ಬಂದು ಗುದ್ದಿದ. ಚಕ್ರ ಹೂತಿದ್ದದ್ದು ನಿಜ, ಗುದ್ದಿದ ಮೇಲೆ ಎದ್ದದ್ದೂ ನಿಜ. ಊಟಕ್ಕೆ ನಿಂತಾಗ ವ್ಯಾಪಾರಿ ಹಿಂದೆ ಹೋಗಿ ನೋಡಿದ. ಬಣ್ಣ ಎದ್ದು ಬಂದಿತ್ತು.

"ಅಣ್ಣ, ಇದು ಹೊಸ ಗಾಡಿ."

"ಹೊಸದು ಅಂತ ಮರಳಿಗೆ ಗೊತ್ತಾಗಬೇಕಲ್ಲಪ್ಪ."

"ಮೆಲ್ಲಗೆ ತಳ್ಳಬಹುದಿತ್ತು."

"ಮೆಲ್ಲಗೆ ತಳ್ಳೋಕೆ ಅದೇನು ತೊಟ್ಟಿಲೇನೋ?"

ಎಲ್ಲರೂ ನಕ್ಕರು. ವ್ಯಾಪಾರಿ ಅರ್ಧ ಊಟಕ್ಕೇ ಎದ್ದ. ಮರುವಾರ ಅವನ ಬಂಪರಿನ ಮೇಲೆ ಹೊಸ ಬಣ್ಣದ ಜೊತೆಗೆ ಕಬ್ಬಿಣದ ಹಲ್ಲುಗಳೂ ಬಂದವು. ಒಂದೊಂದೂ ಗೇಣುದ್ದ, ಚೂಪು, ಹಿಂದಕ್ಕೆ ಚಾಚಿದವು. ಹಿಂದಿನಿಂದ ಬಂದು ಒತ್ತಿದವನ ರೇಡಿಯೇಟರ್ ತೂತಾಗಿ ನೀರು ಸುರಿದು ಹೋಗಬೇಕು, ಹಾಗೆ.

ಅಣ್ಣ ಬಂದು ನೋಡಿದ. ಒಂದು ಹಲ್ಲಿನ ತುದಿ ಮುಟ್ಟಿದ. "ಇದು ಯಾರಿಗೆ?"

"ಮರಳಿಗೆ."

"ಮರಳು ಇಷ್ಟು ಎತ್ತರಕ್ಕೆ ಬರೋದಿಲ್ಲ ಬಿಡು," ಎಂದು ಅಣ್ಣ ಹೊರಟುಹೋದ. ಅವತ್ತು ಅವನು ಜೋಕು ಮಾಡಲಿಲ್ಲ.

ಅಂದಿನಿಂದ ವ್ಯಾಪಾರಿಯ ಹಿಂದೆ ಗಾಡಿ ಬಿಡಲು ಯಾರೂ ಒಪ್ಪಲಿಲ್ಲ. ರೇಡಿಯೇಟರ್ ಎಲ್ಲರಿಗೂ ಬೇಕಲ್ಲ! ಸಾಲಿನ ಕೊನೆಯ ಜಾಗ ಯಾರಿಗೂ ಬೇಡದ ಜಾಗ. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಪಯಣ ಅದನ್ನು ಹೊರುತ್ತಿದ್ದರು. "ಇನ್ನು ಮೇಲೆ ನೀನೇ ಕೊನೆಗೆ ಬಾ," ಎಂದರು. ಅವರಿಗೂ ನಿರಾಳವಾಯಿತು, ಇವನಿಗೂ ಖುಷಿಯಾಯಿತು. ಕನ್ನಡಿಯಲ್ಲಿ ನೋಡಿದರೆ ಮರಳು ಬಿಟ್ಟು ಏನೂ ಇಲ್ಲ. ಗುದ್ದುವವರಿಲ್ಲ, ಕೂಗುವವರಿಲ್ಲ. ಇಷ್ಟು ನೆಮ್ಮದಿಯಾಗಿ ತಾನು ಎಂದೂ ಗಾಡಿ ಓಡಿಸಿರಲಿಲ್ಲ ಎಂದುಕೊಂಡ.

ಹೀಗಿರುವಾಗ ಅವನ ಹೆಂಡತಿಗೆ ದಿನ ತುಂಬುತ್ತ ಬಂತು. ತವರು ಮರಳಿನ ಆಚೆ. ಚೊಚ್ಚಲು ಹೆರಿಗೆ, ತಾಯಿಯ ಮನೆಗೆ ಹೋಗಬೇಕು. ಸುತ್ತು ದಾರಿಯೊಂದಿತ್ತು, ಆ ಸಲದ ಗಾಳಿಗೆ ಅದರ ಮೇಲೆ ದಿಬ್ಬವೇ ಬಂದು ಕೂತಿತ್ತು. ಸಾಲಿನ ಜೊತೆ ಮರಳಿನಲ್ಲೇ ಹೊರಟರು.

ಹೊರಡುವ ಮುಂಚೆ ಅಣ್ಣ ಬಂದ. ಎಷ್ಟೋ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ.

"ಇವತ್ತೊಂದು ದಿನ ನನ್ನ ಮುಂದೆ ಬಾ. ಅವಳು ತುಂಬು ಬಸುರಿ."

"ನಿನ್ನ ಗಾಡಿಯ ಮೂತಿ ಹೋದರೆ ನನ್ನನ್ನು ಬೈಯಬೇಡ," ಎಂದ ವ್ಯಾಪಾರಿ.

ಅಣ್ಣ ತನ್ನ ಗಾಡಿಯಿಂದ ಒಂದು ನೀರಿನ ಕ್ಯಾನ್ ತಂದು ಅವಳ ಕಾಲ ಬಳಿ ಇಟ್ಟು ಹೋದ.

ಮಧ್ಯಾಹ್ನ ಗಾಳಿ ಎದ್ದಿತು. ಸಾಲು ಒಂದು ದೊಡ್ಡ ದಿಬ್ಬ ದಾಟಿತು. ದಿಬ್ಬದಾಚೆ ಬೋಗುಣಿಯಂಥ ತಗ್ಗು. ಮುಂದಿನವರೆಲ್ಲ ಇಳಿದು, ಓಟ ಬಿಡದೆ ಎದುರಿನ ಏರು ಹತ್ತಿ ಹೋದರು. ಕೊನೆಯಲ್ಲಿ ವ್ಯಾಪಾರಿ ಇಳಿದ. ಏರು ಅರ್ಧ ಹತ್ತುವಷ್ಟರಲ್ಲಿ ಹಿಂದಿನ ಚಕ್ರ ಕುಸಿಯಿತು. ಅಷ್ಟು ಕಬ್ಬಿಣ ಬಾಲಕ್ಕೆ ಕಟ್ಟಿಕೊಂಡರೆ ಇನ್ನೇನಾದೀತು? ಗಾಡಿ ಜಾರಿ ತಗ್ಗಿನ ತಳಕ್ಕೆ ಬಂದು ಹೊಟ್ಟೆಯವರೆಗೆ ಹೂತು ನಿಂತಿತು.

ಹಾರ್ನ್ ಹೊಡೆದ. ಗಾಳಿ ಅದನ್ನು ಬೇರೆ ಕಡೆಗೆ ಒಯ್ದಿತು. ಮುಂದಿನ ಗಾಡಿಯವನು ಹಿಂತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಪದ್ಧತಿಯೇ ಹಾಗೆ.

"ಈಗ ಯಾರು ಬರುತ್ತಾರೆ?" ಎಂದಳು ಹೆಂಡತಿ.

"ಹಿಂದಿನವರು ಬರುತ್ತಾರೆ," ಎಂದ ಅವನು. ಇಷ್ಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿತು. ಹೇಳಿ, ಕನ್ನಡಿ ನೋಡಿದ.

"ಹಿಂದಿನವರು ನಾವೇ ಅಲ್ಲವೇ?" ಎಂದಳು ಅವಳು.

ವ್ಯಾಪಾರಿ ಇಳಿದು ಸಲಿಕೆ ಹಿಡಿದ. ತೋಡಿದಷ್ಟೂ ಮರಳು ಮತ್ತೆ ಅಲ್ಲಿಗೇ ಹರಿಯಿತು. ತೋಡಿದ, ಕೂತ, ಮತ್ತೆ ತೋಡಿದ. ತೋಳು ಸೋತವು. ಗಾಡಿಯ ಒಳಗೆ ಕೆಂಡದಂಥ ಬಿಸಿ. ಅವಳು ಮೆಲ್ಲಗೆ ಇಳಿದು ಹಿಂಭಾಗದ ನೆರಳಿನಲ್ಲಿ ಹಲ್ಲುಗಳಿಗೆ ತಾಗದಂತೆ ಕೂತಳು. ಕಬ್ಬಿಣದ ಬಂಪರನ್ನು ಬಹಳ ಹೊತ್ತು ನೋಡಿದಳು.

"ಒಂದು ಗೀರೂ ಬಿದ್ದಿಲ್ಲ ರೀ," ಎಂದಳು. ಚುಚ್ಚುವ ದನಿಯಲ್ಲಿ ಅಲ್ಲ, ಬರೀ ದಣಿದ ದನಿಯಲ್ಲಿ. "ನಮ್ಮಪ್ಪ ನಿಮಗೆ ನನ್ನನ್ನು ಕೊಟ್ಟದ್ದು ನಿಮ್ಮ ಹಳೇ ಗಾಡಿ ನೋಡಿ. ಅದರ ಹಿಂದೆ ಎಷ್ಟೊಂದು ನೆಗ್ಗು ಇದ್ದವು ಅಂತ ಮನೆಗೆ ಬಂದು ಹೇಳಿ ಹೇಳಿ ಖುಷಿಪಟ್ಟಿದ್ದರು."

ಅವನು ಸಲಿಕೆ ಬಿಟ್ಟ. ಅವನ ಕ್ಯಾನಿನ ನೀರು ಮುಗಿದು ಅಣ್ಣ ಕೊಟ್ಟ ಕ್ಯಾನ್ ತೆರೆದಿದ್ದರು. ಅದರಲ್ಲೂ ಅರ್ಧ ಹೋಗಿತ್ತು. ಆಗ ಅವಳು ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತೆರೆದಳು. ಮತ್ತೆ ಮುಚ್ಚಿದಳು. ಅವನು ಮತ್ತೆ ಸಲಿಕೆ ಎತ್ತಿಕೊಂಡ.

ಇತ್ತ ಸಾಲು ಆಚೆ ಒಂದು ಗಟ್ಟಿ ಬಯಲಿನಲ್ಲಿ ಕಾಫಿಗೆ ನಿಂತಿತು. ಅಣ್ಣ ಲೋಟ ಹಿಡಿದು ಬಂದ ದಾರಿಯನ್ನೇ ನೋಡುತ್ತ ನಿಂತ.

"ಬರುತ್ತಾನೆ ಬಿಡು," ಎಂದರು ಉಳಿದವರು. "ಹಿಂದೆ ನೆಮ್ಮದಿಯಾಗಿ ಬರೋದು ಅಂದರೆ ಅವನಿಗೆ ಪ್ರಾಣ. ನಿನ್ನ ಕಾಲಿಗೆ ಗುದ್ದೋಕೆ ಯಾರೂ ಸಿಗದೆ ತುರಿಕೆ, ಅಷ್ಟೇ."

"ಹೌದು, ತುರಿಕೆಯೇ," ಎಂದ ಅಣ್ಣ. ಕುಡಿಯದೆ ಲೋಟ ಕೆಳಗಿಟ್ಟು ಗಾಡಿ ತಿರುಗಿಸಿದ.

ಚಕ್ರದ ಗುರುತುಗಳನ್ನು ಗಾಳಿ ಅಳಿಸುತ್ತಿತ್ತು. ಒಂದು ದಿಬ್ಬ ತಪ್ಪಿದ, ಇನ್ನೊಂದು ತಪ್ಪಿದ. ಹೊತ್ತು ಇಳಿಯುವ ಹೊತ್ತಿಗೆ ತಗ್ಗಿನ ಅಂಚಿಗೆ ಬಂದ. ನೆಲ ಗಟ್ಟಿಯಿದ್ದದ್ದು ತಮ್ಮನ ಗಾಡಿಯ ಹಿಂಬದಿಯ ದಿಬ್ಬದ ತಲೆಯಲ್ಲಿ ಮಾತ್ರ. ಸುತ್ತಿಕೊಂಡು ಹೋಗಿ ಅಲ್ಲಿ ಗಾಡಿ ನಿಲ್ಲಿಸಿ, ಹಗ್ಗ ಹೆಗಲಿಗೆ ಹಾಕಿಕೊಂಡು ಜಾರುತ್ತ ಇಳಿದ. ಅವಳ ಮುಖ ನೋಡಿದ. ತಮ್ಮನ ಮುಖ ನೋಡಲಿಲ್ಲ. ಹಗ್ಗದ ತುದಿ ಹಿಡಿದು ಬಂಪರಿನ ಮುಂದೆ ಬಗ್ಗಿದ. ಆ ಕಡೆ ನೋಡಿದ, ಈ ಕಡೆ ನೋಡಿದ.

"ಎಲ್ಲಿ ಹಿಡಿಯಲಿ?" ಎಂದ.

ವ್ಯಾಪಾರಿ ಮರಳಿನಲ್ಲಿ ಬೋರಲು ಬಿದ್ದು ತಗಡಿನ ಅಡಿಗೆ ಕೈ ತೂರಿದ. ಕೊಕ್ಕೆ ಅಲ್ಲೇ ಒಳಗಿತ್ತು, ಬೆರಳಿಗೆ ಸಿಗಲಿಲ್ಲ.

"ಕೆಳಗೆ ಬಂದು ತಳ್ಳಲಾಗುತ್ತದೆಯೇ?"

"ಈ ಹಲ್ಲಿಗೆ ನನ್ನ ರೇಡಿಯೇಟರ್ ಕೊಟ್ಟರೆ ಆಮೇಲೆ ಮೂವರೂ ಇಲ್ಲೇ."

ಅವಳು ಮತ್ತೆ ಕಣ್ಣು ಮುಚ್ಚಿದಳು. ಈ ಸಲ ಬಾಯಿಂದ ದನಿ ಬಂತು.

"ಹಲ್ಲುಗಳಿಗೇ ಹಗ್ಗ ಬಿಗಿ," ಎಂದ ವ್ಯಾಪಾರಿ. "ಎಳಿ. ಕಿತ್ತು ಬರಲಿ."

ಅಣ್ಣ ಬಿಗಿದ. ಗಂಟು ಹಾಕುತ್ತ ಅಂದ, "ಹೊಸ ಗಾಡಿ ಕಣೋ."

"ಎಳಿ ಅಣ್ಣ."

ಅಣ್ಣ ಮೇಲೆ ಹತ್ತಿ ಎಂಜಿನ್ ಒದರಿಸಿ ಎಳೆದ. ಬಂಪರ್, ತಗಡು, ಹಲ್ಲು ಎಲ್ಲ ಒಟ್ಟಿಗೆ ಕಿತ್ತುಕೊಂಡು ಹೋಗಿ ಮರಳಿಗೆ ಬಿದ್ದವು. ಗಾಡಿ ಅಲ್ಲಾಡಲಿಲ್ಲ. ಆದರೆ ಕೊಕ್ಕೆ ಹೊರಗೆ ಬಂದಿತ್ತು, ತುಕ್ಕು ಹಿಡಿದು. ಅಣ್ಣ ಮತ್ತೆ ಇಳಿದು ಬಂದು ಹಗ್ಗವನ್ನು ಕೊಕ್ಕೆಗೆ ಹಾಕಿದ. ಆ ಸಲ ಗಾಡಿ ನರಳುತ್ತ ಹಿಂದಕ್ಕೆ ಬಂತು. ಬಂದು ದಿಬ್ಬ ಹತ್ತಿತು.

ಸಾಲು ಕಾಯುತ್ತಿತ್ತು. ತವರು ಸೇರಿದರು. ಸೇರಿದ ಮೇಲೆ ಮಗು ಹುಟ್ಟಿತು. ಹೆಣ್ಣು. ತಾಯಿಯೂ ಚೆನ್ನಾಗಿದ್ದಳು.

ವಾಪಸು ಹೊರಟ ದಿನ ಯಾರೂ ಏನೂ ಹೇಳಲಿಲ್ಲ. ವ್ಯಾಪಾರಿ ತಾನಾಗಿ ಹೋಗಿ ಅಣ್ಣನ ಮುಂದೆ ಗಾಡಿ ನಿಲ್ಲಿಸಿದ. ಹಿಂದೆ ಬಂಪರ್ ಇಲ್ಲ, ಒಂದು ಕೊಕ್ಕೆ ಮಾತ್ರ. ಮೊದಲ ಮೆತ್ತನೆಯ ಮರಳಿನಲ್ಲಿ ಚಕ್ರ ಸ್ವಲ್ಪ ತಡೆಯಿತು. ಧಡ್ ಎಂದಿತು. ಹಿಂದಿನಿಂದ ಏನೋ ಕೂಗು ಕೇಳಿಸಿತು, ಊರಿನ ಹೆಸರೋ ನಿದ್ದೆಯ ವಿಷಯವೋ. ವ್ಯಾಪಾರಿ ಕತ್ತು ಉಜ್ಜಿಕೊಂಡು ಕನ್ನಡಿ ನೋಡಿದ. ಕನ್ನಡಿಯ ತುಂಬ ಅಣ್ಣನ ಗಾಡಿಯ ಮೂತಿಯೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಹೇಳುವಾಗ ಬಂದಿದ್ದ ಉಮೇದು ಇಳಿದು ಹೋಗಿ ಮುಖಕ್ಕೆ ಮತ್ತೆ ದಣಿವು ಬಂತು.

ಶಂಭುಲಿಂಗ, "ಆದರೂ ಗುರುಗಳೇ, ಅಡವಯ್ಯನವರು ಸ್ವಲ್ಪ ಮೆಲ್ಲಗೆ ಹೇಳಬಹುದಲ್ಲ?" ಎಂದ.

"ಹೇಳಬಹುದು. ಅದನ್ನು ಅವರಿಗೆ ಹೇಳಿ ಹೇಳಿ ನಾನೂ ಸೋತಿದ್ದೇನೆ. ಅವರ ಕಾಲು ಭಾರ."

"ಹಾಗಾದರೆ ನಾಳೆ ಬಸ್ಸಿಗೆ?"

ಗುರುಗಳು ಕಿವಿಗೊಟ್ಟರು. ಅಡುಗೆಮನೆಯ ಸದ್ದು ಇನ್ನೂ ನಿಂತಿರಲಿಲ್ಲ. ಕರ ಕರ, ಕರ ಕರ.

"ಅಷ್ಟು ಹೊತ್ತಿನಿಂದ ಆ ತಳ ಹಿಡಿದ ಹಂಡೆ ತಿಕ್ಕುತ್ತಿರುವವರು ಯಾರಪ್ಪ?"

ಶಂಭುಲಿಂಗ ಒಳಗಡೆಗೆ ಕತ್ತು ತಿರುಗಿಸಿ ನೋಡಿದ. "ಅಡವಯ್ಯನವರು."

"ಬಸ್ಸು ಹತ್ತಿಸುವುದು ದೊಡ್ಡದಲ್ಲ ಶಂಭು, ಆದರೆ ನಾಳೆಯಿಂದ ನಿನ್ನ ಹಿಂದಿನ ಗಾಡಿ ಯಾರದು?"